ಸದ್ದಿಲ್ಲದ ರಸ್ತೆ, ಹಳೆಯ ಊರು: ಲುಬೆರೋನ್‌ನಲ್ಲಿ ಆರು ದಿನ ಸೈಕಲ್

ಪ್ರಶ್ನೆ: ನಾವು ಮೈಸೂರಿನವರು. ನನಗೆ 54, ಹೆಂಡತಿಗೆ 50. ಭಾನುವಾರ ಬೆಳಿಗ್ಗೆ ಇಬ್ಬರೂ 30–40 ಕಿ.ಮೀ. ಸೈಕಲ್ ತುಳಿಯುತ್ತೇವೆ. ಆಗಾಗ ಚಾಮುಂಡಿ ಬೆಟ್ಟವನ್ನೂ ಹತ್ತುತ್ತೇವೆ. ಮುಂದಿನ ವರ್ಷ ಮಗಳ ಮನೆಗೆಂದು ಪ್ಯಾರಿಸ್‌ಗೆ ಹೋಗುವವರಿದ್ದೇವೆ. ಅಲ್ಲಿಂದ ಒಂದು ವಾರ ಮೆಡಿಟರೇನಿಯನ್ ಕಡೆಯ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯುವ ಆಸೆ. ವಾಹನ ಕಡಿಮೆ ಇರಬೇಕು, ಹಳೆಯ ಊರುಗಳಿರಬೇಕು. ರೇಸಿನವರ ಜೊತೆ ಪೈಪೋಟಿ ಬೇಡ. ಹೆಂಡತಿ ಶುದ್ಧ ಸಸ್ಯಾಹಾರಿ. ಎಲ್ಲಿಗೆ ಹೋಗಬೇಕು, ಯಾವ ದಾರಿ ಹಿಡಿಯಬೇಕು?

ಉತ್ತರ: ಲುಬೆರೋನ್‌ಗೆ ಹೋಗಿ. ಫ್ರಾನ್ಸಿನ ದಕ್ಷಿಣದಲ್ಲಿ, ಪ್ರೊವಾನ್ಸ್ ಸೀಮೆಯಲ್ಲಿ, ಆವಿನ್ಯೋನ್ ನಗರದ ಪೂರ್ವಕ್ಕೆ ಉದ್ದಕ್ಕೆ ಮಲಗಿರುವ ಸುಣ್ಣಕಲ್ಲಿನ ಬೆಟ್ಟಸಾಲು ಅದು. ಅತಿ ಎತ್ತರದ ಜಾಗವೇ 1,125 ಮೀಟರ್. ಉತ್ತರಕ್ಕೆ ಕಲವೋನ್ ನದಿಯ ಕಣಿವೆ, ದಕ್ಷಿಣಕ್ಕೆ ದ್ಯುರಾನ್ಸ್ ನದಿಯ ಬಯಲು. ಎರಡೂ ಕಡೆ ಗುಡ್ಡದ ನೆತ್ತಿಗೆ ಅಂಟಿಕೊಂಡ ಕಲ್ಲಿನ ಊರುಗಳು, ಕೆಳಗೆ ದ್ರಾಕ್ಷಿ, ಚೆರಿ, ಆಲಿವ್ ತೋಟಗಳು. 1977ರಿಂದ ಇದು ಪ್ರಾದೇಶಿಕ ನಿಸರ್ಗ ಉದ್ಯಾನ. ಹಾಗಾಗಿ ಮನಸ್ಸಿಗೆ ಬಂದ ಕಡೆ ಕಟ್ಟಡ ಎಬ್ಬಿಸಲು ಆಗುವುದಿಲ್ಲ.

ಇಲ್ಲಿ ಸಮುದ್ರ ಕಾಣಿಸುವುದಿಲ್ಲ. ನನ್ನ ಪ್ರಕಾರ ಅದೇ ಒಳ್ಳೆಯದು. ಮೆಡಿಟರೇನಿಯನ್ ಅಂದ ತಕ್ಷಣ ನೀಲಿ ನೀರಿನ ಪಕ್ಕದ ರಸ್ತೆ ಕಣ್ಣಿಗೆ ಬರುತ್ತದೆ, ಅಲ್ವಾ? ಆದರೆ ಕಾರು, ಬಸ್ಸು, ಹೋಟೆಲು ಎಲ್ಲ ಸೇರಿಕೊಳ್ಳುವುದು ಆ ದಡದಲ್ಲೇ. ನೈಸ್ ಆಗಲಿ, ಇಟಲಿಯ ಅಮಾಲ್ಫಿ ಆಗಲಿ, ದಡದ ರಸ್ತೆಯಲ್ಲಿ ನೆಮ್ಮದಿಯಾಗಿ ಸೈಕಲ್ ತುಳಿಯುವುದು ಕಷ್ಟ. ದಡ ಬಿಟ್ಟು ಒಳಗೆ ಹೋದರೆ ಬಿಸಿಲು, ಆಲಿವ್, ಥೈಮ್, ರೋಸ್‌ಮೇರಿ ಎಂಬ ಪರಿಮಳದ ಗಿಡಗಳ ವಾಸನೆ ಎಲ್ಲ ಹಾಗೇ ಇರುತ್ತವೆ. ಗದ್ದಲ ಮಾತ್ರ ಇರುವುದಿಲ್ಲ.

ಬೇರೆ ಜಾಗಗಳೂ ಇವೆ. ಸ್ಪೇನಿನ ಮಯೋರ್ಕಾ ದ್ವೀಪದ ರಸ್ತೆಗಳು ಬಹಳ ಚೆಂದ, ಆದರೆ ವಸಂತಕಾಲದಲ್ಲಿ ಯುರೋಪಿನ ಸೈಕಲ್ ಕ್ಲಬ್‌ಗಳೆಲ್ಲ ತರಬೇತಿಗೆ ಬಂದಿಳಿಯುವುದು ಅಲ್ಲಿಗೇ. ನಿಮಗೆ ಅದು ಬೇಡ ಅಂದಿದ್ದೀರಿ. ಟಸ್ಕನಿಯ ಗುಡ್ಡಗಳು ಚಿತ್ರದಲ್ಲಿ ಮೆತ್ತಗೆ ಕಾಣುತ್ತವೆ, ತುಳಿಯುವಾಗ ಕಡಿದಾಗಿರುತ್ತವೆ. ಅಲ್ಲಿನ ಬಿಳಿ ರಸ್ತೆಗಳು ಜಲ್ಲಿಯವು, ಅಭ್ಯಾಸ ಬೇಕು. ಸ್ಪೇನಿನ ಜಿರೋನಾ ಮಾತ್ರ ನಿಮಗೆ ನಿಜಕ್ಕೂ ಹೊಂದುವ ಎರಡನೇ ಆಯ್ಕೆ. ಓಲೋಟ್‌ನಿಂದ ಜಿರೋನಾಕ್ಕೆ 54 ಕಿ.ಮೀ., ಅಲ್ಲಿಂದ ಸಮುದ್ರದವರೆಗೆ ಸುಮಾರು 40 ಕಿ.ಮೀ., ಹಳೆಯ ಸಣ್ಣ ರೈಲು ಹಳಿಯ ಜಾಡೇ ಈಗ ಸೈಕಲ್ ದಾರಿ ಆಗಿದೆ. ಆದರೆ ನೀವು ಪ್ಯಾರಿಸ್‌ನಿಂದ ಹೊರಡುವವರು. ಅಲ್ಲಿಂದ ಆವಿನ್ಯೋನ್‌ಗೆ ಟಿಜಿವಿ ಎಂಬ ವೇಗದ ರೈಲಿನಲ್ಲಿ ಸುಮಾರು 2 ಗಂಟೆ 40 ನಿಮಿಷ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪುತ್ತೀರಿ.

ಈಗ ಒಂದು ಮುಖ್ಯ ವಿಷಯ. ಲುಬೆರೋನ್ ಇಡೀ ಶಾಂತವಾಗಿದೆ ಅಂದುಕೊಂಡು ಹೋದರೆ ಬೇಸರವಾಗುತ್ತದೆ. ಗೋರ್ದ್, ರೂಸಿಯೋನ್, ಲೂರ್ಮರಾನ್ ಊರುಗಳಿಗೆ ಬೇಸಿಗೆಯಲ್ಲಿ ಪ್ರವಾಸಿಗರು ಮುಗಿಬೀಳುತ್ತಾರೆ. ಒಂದೇ ಕಣಿವೆಯಲ್ಲಿ ಒಂದು ರಸ್ತೆ ಗಿಜಿಗಿಜಿ ಅನ್ನುತ್ತಿರುತ್ತದೆ, ಅರ್ಧ ಕಿಲೋಮೀಟರ್ ಆಚೆಯ ರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ಕಾರು ಬರುವುದಿಲ್ಲ. ಹಾಗಾಗಿ ಊರು ಆರಿಸುವುದಕ್ಕಿಂತ ರಸ್ತೆ ಆರಿಸುವುದು ಮುಖ್ಯ. ರಸ್ತೆಗಿಂತಲೂ ಹೊರಡುವ ಗಂಟೆ ಮುಖ್ಯ.

ರಸ್ತೆ ಆರಿಸುವುದು ಕಷ್ಟವಲ್ಲ. ಮಿಶೆಲಿನ್ ಕಂಪನಿಯ ಕಾಗದದ ನಕ್ಷೆ ಒಂದು ಕೊಂಡುಕೊಳ್ಳಿ. ಅದರಲ್ಲಿ ದೊಡ್ಡ ರಸ್ತೆ ಕೆಂಪು, ಮಧ್ಯಮ ರಸ್ತೆ ಹಳದಿ, ಸಣ್ಣ ರಸ್ತೆ ಬಿಳಿ. ಪಕ್ಕದಲ್ಲಿ ಹಸಿರು ಗೆರೆ ಎಳೆದಿದ್ದರೆ ನೋಟ ಚೆನ್ನಾಗಿದೆ ಅಂತ ಅರ್ಥ. ಬಿಳಿ ರಸ್ತೆ ನಿಮ್ಮದು. ಹಳದಿಯನ್ನು ಬೆಳಿಗ್ಗೆ ಹೊತ್ತು ಮಾತ್ರ ಹಿಡಿಯಿರಿ. ಕೆಂಪನ್ನು ಅಡ್ಡ ದಾಟಿ, ಅದರ ಮೇಲೆ ಹೋಗಬೇಡಿ. ಕಣಿವೆಯ ಉದ್ದಕ್ಕೂ ಕವಾಯೋನ್ ಕಡೆಯಿಂದ ಆಪ್ಟ್‌ಗೆ ಹೋಗುವ ಡಿ 900 ಸಂಖ್ಯೆಯ ರಸ್ತೆ ಅಂಥದ್ದೇ. ಲಾರಿಗಳೆಲ್ಲ ಅದರ ಮೇಲೇ ಓಡುತ್ತವೆ. ಮೊಬೈಲಿನ ನಕ್ಷೆ ನಿಮ್ಮನ್ನು ಹತ್ತಿರದ ದಾರಿ ಅಂತ ಅದಕ್ಕೇ ತಳ್ಳುತ್ತದೆ. ಕೇಳಬೇಡಿ.

ಅದರ ಪಕ್ಕದಲ್ಲೇ ನಿಮಗಾಗಿ ಇನ್ನೊಂದು ದಾರಿ ಇದೆ. ಹಿಂದೆ ಈ ಕಣಿವೆಯಲ್ಲಿ ರೈಲು ಓಡುತ್ತಿತ್ತು. ಹಳಿ ಕಿತ್ತ ಮೇಲೆ ಆ ಜಾಡನ್ನು ಕಲವೋನ್ ಸೈಕಲ್ ದಾರಿಯಾಗಿ ಮಾಡಿದರು. ಕವಾಯೋನ್ ಕಡೆಯಿಂದ ಶುರುವಾಗಿ ಆಪ್ಟ್ ದಾಟಿ ಪೂರ್ವಕ್ಕೆ ಹೋಗುತ್ತದೆ, ಸುಮಾರು 37 ಕಿ.ಮೀ. ಮೋಟಾರು ವಾಹನ ಬಿಡುವುದಿಲ್ಲ. ರೈಲಿಗೆ ಮಾಡಿದ ದಾರಿಯಾದ್ದರಿಂದ ಏರು ಗೊತ್ತೇ ಆಗುವುದಿಲ್ಲ. ಹಳೆಯ ಸ್ಟೇಷನ್ ಕಟ್ಟಡಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಸ್ಪೇನಿನ ಕಾದಿಜ್‌ನಿಂದ ಗ್ರೀಸ್, ಸೈಪ್ರಸ್‌ವರೆಗೆ ಹೋಗುವ ಯೂರೋವೆಲೋ 8 ಅನ್ನುವ ಮೆಡಿಟರೇನಿಯನ್ ಸೈಕಲ್ ಮಾರ್ಗ ಇದೆಯಲ್ಲ, ಅದು ಇಲ್ಲಿ ಈ ದಾರಿಯ ಮೇಲೇ ಸಾಗುತ್ತದೆ. ಇದಲ್ಲದೆ ಇಡೀ ಬೆಟ್ಟಸಾಲನ್ನು ಸುತ್ತುವ 'ಲುಬೆರೋನ್ ಆ ವೆಲೋ' ಎನ್ನುವ ಮಾರ್ಗವೂ ಇದೆ. ಸುಮಾರು 240 ಕಿ.ಮೀ., ಎರಡು ದಿಕ್ಕಿಗೆ ಎರಡು ಬಣ್ಣದ ಫಲಕ. ಅದನ್ನು ಪೂರ್ತಿ ಸುತ್ತಬೇಕೆಂಬ ಹಟ ಬೇಡ. ಆರು ದಿನದಲ್ಲಿ ಸುತ್ತಬಹುದು, ಆದರೆ ದಿನಾ ಗಂಟುಮೂಟೆ ಕಟ್ಟಬೇಕಾಗುತ್ತದೆ. ಊರಲ್ಲಿ ಕೂತು ನೋಡಲು ಹೊತ್ತೇ ಸಿಗುವುದಿಲ್ಲ.

ನನ್ನ ಸಲಹೆ: ಐದು ರಾತ್ರಿ ಆಪ್ಟ್‌ನಲ್ಲಿ, ಎರಡು ರಾತ್ರಿ ದಕ್ಷಿಣದ ಲೂರ್ಮರಾನ್ ಅಥವಾ ಕುಕುರೋನ್‌ನಲ್ಲಿ ಉಳಿದುಕೊಳ್ಳಿ. ಆಪ್ಟ್ ನೋಡಲು ಸಾಧಾರಣ ಪಟ್ಟಣ, ಪೋಸ್ಟ್‌ಕಾರ್ಡಿನ ಊರಲ್ಲ. ಆದರೆ ಅದು ಕಣಿವೆಯ ತಳದಲ್ಲಿದೆ, ಸೈಕಲ್ ದಾರಿ ಊರೊಳಗೇ ಬರುತ್ತದೆ. ದಿನಸಿ ಅಂಗಡಿ, ಔಷಧಿ ಅಂಗಡಿ ಎಲ್ಲ ಇದೆ. ಗುಡ್ಡದ ಮೇಲಿನ ಚೆಂದದ ಊರಲ್ಲಿ ರೂಮು ಮಾಡಿದವರು ಒಂದು ವಿಷಯ ಮರೆತಿರುತ್ತಾರೆ: ದಿನವಿಡೀ ತುಳಿದು ಸುಸ್ತಾದ ಮೇಲೆ ಸಂಜೆ ಮನೆಗೆ ಹೋಗಲು ಮತ್ತೆ ಇನ್ನೂರು ಮೀಟರ್ ಏರಬೇಕು. ಮೊದಲ ದಿನ ಖುಷಿ ಇರುತ್ತದೆ, ಮೂರನೇ ದಿನ ಹೊಟ್ಟೆ ಉರಿಯುತ್ತದೆ.

ಗುರುವಾರ ಆಪ್ಟ್ ತಲುಪುವ ಹಾಗೆ ನೋಡಿಕೊಳ್ಳಿ. ಆಪ್ಟ್‌ಗೆ ರೈಲಿಲ್ಲ. ಆವಿನ್ಯೋನ್‌ನಿಂದ ಬಸ್ಸು ಹಿಡಿಯಬೇಕು.

ಶುಕ್ರವಾರ ಸುಮ್ನೆ ಸೈಕಲ್ ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ ಬನ್ನಿ. ಬಾಡಿಗೆ ಸೈಕಲ್‌ಗೆ, ಬಲಗಡೆ ಓಡಿಸುವ ಪದ್ಧತಿಗೆ ಒಗ್ಗಿಕೊಳ್ಳಲು ಒಂದು ದಿನ ಬೇಕು. ಎಂಟೊಂಬತ್ತು ಕಿ.ಮೀ. ಹೋದರೆ ಪೋನ್ ಜೂಲಿಯೆನ್ ಸಿಗುತ್ತದೆ. ಇಟಲಿಯಿಂದ ಸ್ಪೇನಿಗೆ ಹೋಗುತ್ತಿದ್ದ ರೋಮನ್ನರ ಡೊಮಿಷಿಯಾ ಹೆದ್ದಾರಿಯ ಸೇತುವೆ, ಕ್ರಿ.ಪೂ. 3ರ ಸುಮಾರಿಗೆ ಕಟ್ಟಿದ್ದು. ಅಲ್ಲಿ ಇಳಿದು ಕೆಳಗೆ ನದಿಯ ಪಾತ್ರಕ್ಕೆ ಹೋಗಿ ಒಮ್ಮೆ ತಲೆಯೆತ್ತಿ ನೋಡಿ. ಮೂರು ಕಮಾನು, ನಡುವಿನದು ದೊಡ್ಡದು. ಕಮಾನುಗಳ ನಡುವಿನ ಕಂಬಗಳ ಮೇಲ್ಭಾಗದಲ್ಲಿ ಕಿಟಕಿಯಂಥ ತೂತು ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಕಲವೋನ್ ಒಣಗಿ ಬರೀ ಕಲ್ಲು ಕಾಣುತ್ತಿರುತ್ತದೆ. ಶರತ್ಕಾಲದ ಮಳೆಗೆ ಇದ್ದಕ್ಕಿದ್ದ ಹಾಗೆ ಉಕ್ಕಿ ಬರುತ್ತದೆ. ಆಗ ಕಂಬಕ್ಕೆ ಗುದ್ದುವ ನೀರು ಆ ತೂತಿನಲ್ಲಿ ಹಾದುಹೋಗಲಿ ಅಂತ ಈ ಏರ್ಪಾಟು. ಅಷ್ಟು ಯೋಚಿಸಿ ಕಟ್ಟಿದ್ದರಿಂದಲೇ ಅದು 2005ರವರೆಗೂ ಕಾರುಗಳನ್ನು ಹೊತ್ತಿತು. ಆಮೇಲೆ ಪಕ್ಕದಲ್ಲಿ ಹೊಸ ಸೇತುವೆ ಮಾಡಿ ಇದನ್ನು ನಡೆಯುವವರಿಗೂ ಸೈಕಲ್‌ನವರಿಗೂ ಬಿಟ್ಟುಕೊಟ್ಟರು. ಎರಡು ಸಾವಿರ ವರ್ಷದ ಕಲ್ಲಿನ ಮೇಲೆ ನಿಮ್ಮ ಚಕ್ರ ಉರುಳುತ್ತದೆ.

ಶನಿವಾರ ಆಪ್ಟ್‌ನಲ್ಲಿ ವಾರದ ಸಂತೆ. ಹಳೆಯ ಊರಿನ ಬೀದಿ ಬೀದಿಯೂ ಅಂಗಡಿ. ಈ ಊರು ಸಕ್ಕರೆ ಪಾಕದಲ್ಲಿ ಹಾಕಿದ ಹಣ್ಣಿಗೆ ಹೆಸರುವಾಸಿ, ಸೈಕಲ್ ಚೀಲದಲ್ಲಿ ಇಟ್ಟುಕೊಳ್ಳಲು ಅದು ಹೇಳಿ ಮಾಡಿಸಿದ್ದು. ಸಂತೆಗೆ ಬೇಗ ಹೋಗಿ ಬನ್ನಿ, ಹತ್ತರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಆಮೇಲೆ ಡಿ 48 ಹಿಡಿದು ಸೆನ್ಯೋನ್‌ಗೆ ಏರಿ. ಆಪ್ಟ್‌ನ ತಲೆಯ ಮೇಲೇ ಬಂಡೆಯೊಂದರ ಬುಡಕ್ಕೆ ಕಟ್ಟಿದ ಊರು ಅದು. ಕಾರಂಜಿ, ಚರ್ಚು, ಕಿರಿದಾದ ಬೀದಿ. ಬಂಡೆ ಹತ್ತಿದರೆ ಕಣಿವೆ ಪೂರ್ತಿ, ಅದರಾಚೆ ವಾಂತೂ ಬೆಟ್ಟದ ಬೋಳು ತಲೆ ಕಾಣುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಒರಿಬೋ, ಕಸ್ತೆಲೆ ಎಂಬ ಪುಟ್ಟ ಊರುಗಳು. ಲುಬೆರೋನ್‌ನ ನೆತ್ತಿ ನಿಮ್ಮ ಬಲಕ್ಕೆ ಇರುತ್ತದೆ. ಆಮೇಲೆ ಕಣಿವೆಗೆ ಇಳಿದು ಸೈಕಲ್ ದಾರಿಯಲ್ಲಿ ಆಪ್ಟ್‌ಗೆ ವಾಪಸ್. ಇಡೀ ಪ್ರವಾಸದಲ್ಲಿ ಒಂದೇ ದಿನ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಹೆಸರಾದ ಊರು ಒಂದೂ ಇಲ್ಲದ್ದರಿಂದ ಈ ಕಡೆ ಜನ ಬರುವುದೇ ಕಡಿಮೆ.

ಭಾನುವಾರ ರೂಸಿಯೋನ್. ಇದಕ್ಕೆ ಮಾತ್ರ ಬೆಳಿಗ್ಗೆ ಏಳಕ್ಕೇ ಹೊರಡಬೇಕು. ಪೋನ್ ಜೂಲಿಯೆನ್‌ವರೆಗೆ ಸೈಕಲ್ ದಾರಿ, ಅಲ್ಲಿ ಡಿ 900 ಅನ್ನು ಹುಷಾರಾಗಿ ಅಡ್ಡ ದಾಟಿ ಉತ್ತರಕ್ಕೆ ಏರಬೇಕು. ರೂಸಿಯೋನ್ ನಿಂತಿರುವುದು ಕಾವಿಮಣ್ಣಿನ ಗುಡ್ಡದ ಮೇಲೆ. ಮನೆಯ ಗೋಡೆಗಳಿಗೂ ಅದೇ ಮಣ್ಣಿನ ಬಣ್ಣ, ಹಳದಿಯಿಂದ ಇಟ್ಟಿಗೆ ಕೆಂಪಿನವರೆಗೆ. ಈ ಮಣ್ಣಿನಲ್ಲಿರುವುದು ಕಬ್ಬಿಣದ ಅಂಶ. ಹಳದಿ ಮಣ್ಣನ್ನು ಒಲೆಯಲ್ಲಿ ಸುಟ್ಟರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದೆ. ಕೃತಕ ಬಣ್ಣ ಬರುವವರೆಗೂ ಈ ಕಣಿವೆಯ ಎಷ್ಟೋ ಜನರ ಜೀವನ ನಡೆದದ್ದು ಇದರಿಂದಲೇ. ಊರಂಚಿನ ಕಾವಿ ಗುಡ್ಡದೊಳಗೆ ನಡೆದಾಡುವ ದಾರಿ ಇದೆ, ಟಿಕೆಟ್ ಇದೆ. ಬಿಳಿ ಬೂಟು ಹಾಕಿಕೊಂಡು ಹೋಗಬೇಡಿ. ಆ ಬಣ್ಣ ಬಟ್ಟೆಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಹತ್ತು ಗಂಟೆಗೆ ಬಸ್ಸುಗಳು ಬರುವಷ್ಟರಲ್ಲಿ ನೀವು ಗಾರ್ಗಾ ಕಡೆಯ ಸಣ್ಣ ರಸ್ತೆ ಹಿಡಿದು ಆಪ್ಟ್‌ನತ್ತ ಹೊರಟಿರಬೇಕು. ಆ ದಾರಿಯಲ್ಲೇ ಬ್ರೂವೋ ಎಂಬಲ್ಲಿ ಹಳೆಯ ಕಾವಿ ಗಣಿಯ ಸುರಂಗಗಳಿವೆ. ಒಳಗೆ ಎತ್ತರೆತ್ತರದ ಕಮಾನಿನ ಹಾದಿಗಳನ್ನು ಗುದ್ದಲಿಯಲ್ಲಿ ಕೈಯಿಂದಲೇ ಕೊರೆದಿದ್ದಾರೆ. ಬಿಸಿಲು ಹೊತ್ತಿಗೆ ಅಲ್ಲಿ ತಂಪು.

ಗೋರ್ದ್ ಬಗ್ಗೆ ನೀವು ಕೇಳಿರುತ್ತೀರಿ. ನೋಡಲೇಬೇಕು ಅನ್ನಿಸಿದರೆ ನೋಡಿ, ನಾನು ಒತ್ತಾಯ ಮಾಡುವುದಿಲ್ಲ. ದೂರದಿಂದ ಕಾಣುವ ನೋಟ ಅದ್ಭುತ. ಹತ್ತಿರದ ರಸ್ತೆ ಕಿರಿದು, ಕಾರು ಜಾಸ್ತಿ. 1148ರಲ್ಲಿ ಶುರುವಾದ ಸೆನಾಂಕ್ ಮಠ ಅದರ ಪಕ್ಕದ ಕಣಿವೆಯಲ್ಲಿದೆ. ಸನ್ಯಾಸಿಗಳು ಇವತ್ತಿಗೂ ಅಲ್ಲೇ ಇದ್ದಾರೆ. ಅದಕ್ಕೆ ಹೋಗುವುದಾದರೆ ಬೆಳಗಿನ ಜಾವವೇ ಸರಿ.

ಸೋಮವಾರ ದೊಡ್ಡ ದಿನ, ಐವತ್ತು ಕಿ.ಮೀ. ಆಸುಪಾಸು. ಪೋನ್ ಜೂಲಿಯೆನ್‌ನಿಂದ ದಕ್ಷಿಣಕ್ಕೆ ತಿರುಗಿ ಡಿ 149ರಲ್ಲಿ ಬೊನ್ಯೂಗೆ ಏರಿ. ಆರು ಕಿ.ಮೀ.ನಲ್ಲಿ ಸುಮಾರು ಇನ್ನೂರು ಮೀಟರ್ ಏರು. ಚಾಮುಂಡಿ ಬೆಟ್ಟ ಹತ್ತುವವರಿಗೆ ಇದು ಲೆಕ್ಕಕ್ಕಿಲ್ಲ, ಕೊನೆಯ ಭಾಗ ಮಾತ್ರ ಸ್ವಲ್ಪ ದಮ್ಮು ಕೇಳುತ್ತದೆ. ಬೊನ್ಯೂವಿನ ಮೇಲಿನ ಹಳೆಯ ಚರ್ಚಿನ ಅಂಗಳದಲ್ಲಿ ನಿಂತರೆ ಎದುರಿಗೆ ಇನ್ನೊಂದು ಗುಡ್ಡದ ಮೇಲೆ ಲಕೋಸ್ತ್ ಕಾಣುತ್ತದೆ. ಕೂಗಿದರೆ ಕೇಳಿಸುತ್ತದೇನೋ ಅನ್ನುವಷ್ಟು ಹತ್ತಿರ. ಆದರೆ ಬೊನ್ಯೂ ಪೋಪರ ಆಳ್ವಿಕೆಗೆ ಸೇರಿದ ಕ್ಯಾಥೊಲಿಕ್ ಊರು, ಲಕೋಸ್ತ್‌ನಲ್ಲಿ ರೋಮಿನ ಚರ್ಚನ್ನು ಒಪ್ಪದ ವಾಲ್ಡೆನ್ಸಿಯನ್ನರು, ಆಮೇಲೆ ಪ್ರಾಟೆಸ್ಟೆಂಟರು. 1545ರಲ್ಲಿ ರಾಜನ ಸೈನ್ಯ ಈ ಸೀಮೆಯ ವಾಲ್ಡೆನ್ಸಿಯನ್ ಊರುಗಳನ್ನು ಸುಟ್ಟು ಜನರನ್ನು ಕೊಂದಿತು. ಮೆರಿಂದೋಲ್ ಎಂಬ ಊರಿನ ಹಳೆಯ ಭಾಗ ಈಗಲೂ ಪಾಳು. ಇಲ್ಲಿನ ಕೋಟೆ ಗೋಡೆಗಳನ್ನು ನೋಡುವಾಗ ಇದು ತಿಳಿದಿದ್ದರೆ ಒಳ್ಳೆಯದು. ಊರುಗಳು ಗುಡ್ಡದ ತುದಿ ಹಿಡಿದದ್ದು ನೋಟಕ್ಕಾಗಿ ಅಲ್ಲ, ಜೀವ ಉಳಿಸಿಕೊಳ್ಳಲು.

ಲಕೋಸ್ತ್‌ನ ಕೋಟೆ 18ನೇ ಶತಮಾನದ ಕುಖ್ಯಾತ ಲೇಖಕ ಮಾರ್ಕಿ ದ ಸಾದ್‌ನದಾಗಿತ್ತು. 2001ರಲ್ಲಿ ಫ್ಯಾಷನ್ ವಿನ್ಯಾಸಕಾರ ಪಿಯೆರ್ ಕಾರ್ದಾಂ ಕೊಂಡುಕೊಂಡರು. ಅಲ್ಲಿಂದ ಡಿ 109 ಮೆನೆರ್ಬ್‌ಗೆ ಹೋಗುತ್ತದೆ. ಕಾಡು, ದ್ರಾಕ್ಷಿ, ಮತ್ತೆ ಕಾಡು, ನಡುವೆ ಸಂತ ಇಲೇರ್ ಮಠ. ಈ ರಸ್ತೆಯಲ್ಲಿ ಅವಸರ ಮಾಡಬೇಡಿ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಒಪೆದ್‌ಗೂ ಹೋಗಬಹುದು. ಅಲ್ಲಿನ ಜನ ಕಾಲಕ್ರಮೇಣ ಗುಡ್ಡ ಬಿಟ್ಟು ಕೆಳಗಿನ ಬಯಲಿಗೆ ಮನೆ ಬದಲಾಯಿಸಿದರು. ಮೇಲಿನ ಊರಲ್ಲಿ ಚರ್ಚು, ಬಿದ್ದ ಗೋಡೆ, ಅಂಜೂರದ ಗಿಡ ಉಳಿದವು. ಈಗ ಕೆಲವು ಮನೆಗಳಲ್ಲಿ ಮತ್ತೆ ಜನ ಇದ್ದಾರೆ. ಮೆನೆರ್ಬ್‌ನಿಂದ ಕೆಳಗಿಳಿದು ಬೋಮೆತ್ ಹತ್ತಿರ ಸೈಕಲ್ ದಾರಿ ಸೇರಿ ಪೂರ್ವಕ್ಕೆ ತಿರುಗಿ.

ಈ ಸುತ್ತನ್ನು ಪಶ್ಚಿಮಕ್ಕೆ ಹೋಗಿ ಪೂರ್ವಕ್ಕೆ ಬರುವಂತೆ ಹೇಳಿದ್ದಕ್ಕೆ ಕಾರಣ ಗಾಳಿ. ರೋನ್ ನದಿಯ ಕಣಿವೆಯಿಂದ ಮಿಸ್ತ್ರಾಲ್ ಅನ್ನುವ ಗಾಳಿ ಬೀಸುತ್ತದೆ, ಉತ್ತರ ಮತ್ತು ವಾಯವ್ಯ ದಿಕ್ಕಿನಿಂದ. ಚಳಿಗಾಲ, ವಸಂತಕಾಲದಲ್ಲಿ ಜಾಸ್ತಿ. ಜೋರಾದಾಗ ಗಂಟೆಗೆ 100 ಕಿ.ಮೀ. ದಾಟುವುದೂ ಉಂಟು. ಆಕಾಶ ಮಾತ್ರ ತೊಳೆದ ಹಾಗೆ ನೀಲಿ, ಹಾಗಾಗಿ ಕಿಟಕಿಯಿಂದ ನೋಡಿದರೆ ಗೊತ್ತಾಗುವುದಿಲ್ಲ. ಈ ಸೀಮೆ ಕಟ್ಟಿರುವ ರೀತಿಯಲ್ಲೇ ಆ ಗಾಳಿ ಕಾಣಿಸುತ್ತದೆ. ಹಳೆಯ ತೋಟದ ಮನೆಗಳಿಗೆ ಉತ್ತರದ ಗೋಡೆಯಲ್ಲಿ ಕಿಟಕಿ ಇರುವುದು ಅಪರೂಪ. ತೋಟದ ಉತ್ತರಕ್ಕೆ ಸೈಪ್ರೆಸ್ ಮರಗಳ ಸಾಲು. ಎಷ್ಟೋ ಚರ್ಚುಗಳಲ್ಲಿ ಗಂಟೆ ತೂಗಿರುವುದು ಕಬ್ಬಿಣದ ಸರಳಿನ ಬರೀ ಪಂಜರದಲ್ಲಿ. ಗಾಳಿ ಹಾದುಹೋಗಲಿ, ಗೋಪುರ ಉರುಳದಿರಲಿ ಅಂತ. ಗಾಳಿ ರಾತ್ರಿ ತಗ್ಗಿ ಹಗಲು ಏರುವುದು ಸಾಮಾನ್ಯ. ಆದ್ದರಿಂದ ಬೆಳಿಗ್ಗೆ ಎದುರುಗಾಳಿಗೆ ಹೋಗಿ, ಮಧ್ಯಾಹ್ನ ಬೆನ್ನಿಗೆ ಹಾಕಿಕೊಂಡು ಬನ್ನಿ. ಹಿಂದಿನ ರಾತ್ರಿ ಅಲ್ಲಿನ ಹವಾಮಾನ ಇಲಾಖೆಯ ಮೆತಿಯೋ ಫ್ರಾನ್ಸ್ ಆ್ಯಪ್ ನೋಡಿ. ಜೋರು ಗಾಳಿ ಅಂತ ಹೇಳಿದ್ದರೆ ಆವತ್ತು ಗುಡ್ಡದ ಮೇಲಿನ ರಸ್ತೆ ಬಿಟ್ಟುಬಿಡಿ. ಇಳಿಜಾರಿನಲ್ಲಿ ಅಡ್ಡಗಾಳಿ ಹೊಡೆದರೆ ಸೈಕಲ್ ಸೀದಾ ನಡುರಸ್ತೆಗೆ ಬರುತ್ತದೆ.

ಮಂಗಳವಾರ ಬೆಟ್ಟ ದಾಟಿ ದಕ್ಷಿಣಕ್ಕೆ. ಲುಬೆರೋನ್ ಸಾಲನ್ನು ನಡುವೆ ಸೀಳಿಕೊಂಡು ಹೋಗುವುದು ಒಂದೇ ರಸ್ತೆ, ಡಿ 943. ಆಪ್ಟ್‌ನಿಂದ ಲೂರ್ಮರಾನ್‌ಗೆ ಇಪ್ಪತ್ತು ಕಿ.ಮೀ. ಒಳಗೇ. ಕೊನೆಯ ಭಾಗ ಆಳವಾದ ಕಮರಿಯಲ್ಲಿ ತಿರುವು ತಿರುವಾಗಿ ಇಳಿಯುತ್ತದೆ. ಚೆಂದವೋ ಚೆಂದ. ಆದರೆ ಕಾರುಗಳಿಗೂ ಮೋಟಾರ್ ಸೈಕಲ್‌ಗಳಿಗೂ ಬೇರೆ ದಾರಿ ಇಲ್ಲ. ಬೆಳಿಗ್ಗೆ ಎಂಟರೊಳಗೆ ಕಮರಿ ದಾಟಿರಬೇಕು. ವಾರಾಂತ್ಯದಲ್ಲಿ ಬೇಡವೇ ಬೇಡ, ಅದಕ್ಕೇ ಮಂಗಳವಾರ ಇಟ್ಟಿದ್ದು. ಲಗೇಜನ್ನು ಟ್ಯಾಕ್ಸಿಯಲ್ಲಿ ಮುಂದಿನ ಹೋಟೆಲಿಗೆ ಕಳಿಸುವ ವ್ಯವಸ್ಥೆ ಇರುತ್ತದೆ, ಮೊದಲೇ ಹೇಳಿಡಿ. ಹೆಂಡತಿಗೆ ಆ ರಸ್ತೆ ಭಯ ಅನ್ನಿಸಿದರೆ ಅವರೂ ಸೈಕಲ್ ಸಮೇತ ಟ್ಯಾಕ್ಸಿಯಲ್ಲೇ ಬರಲಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ದಕ್ಷಿಣದ ಕಡೆ ನೆಲ ಸಮ, ಬಿಸಿಲು ಜಾಸ್ತಿ, ಊರುಗಳು ಸಡಿಲ. ಲೂರ್ಮರಾನ್‌ನ ಸ್ಮಶಾನದಲ್ಲಿ ಫ್ರೆಂಚ್ ಲೇಖಕ ಆಲ್ಬೇರ್ ಕಮೂ ಅವರ ಸಮಾಧಿ ಇದೆ. ನೊಬೆಲ್ ಬಂದ ಮರುವರ್ಷ, 1958ರಲ್ಲಿ ಅವರು ಈ ಊರಲ್ಲಿ ಮನೆ ಕೊಂಡರು. 1960ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಹೋದರು. ಹೆಸರು ಕೆತ್ತಿದ ಸಾದಾ ಕಲ್ಲು, ಸುತ್ತ ಗಿಡ, ಅಷ್ಟೇ. ಬುಧವಾರ ಡಿ 56ರಲ್ಲಿ ವೋಜಿನ್ ಮೂಲಕ ಕುಕುರೋನ್‌ಗೆ ಹೋಗಿ. ಕುಕುರೋನ್‌ನಲ್ಲಿ ಊರಂಚಿಗೆ ಆಯತಾಕಾರದ ಕಲ್ಲಿನ ಕೊಳ ಇದೆ. ಹಿಂದೆ ಹಿಟ್ಟಿನ ಗಿರಣಿಗೆ ನೀರು ಒದಗಿಸಲು ಕಟ್ಟಿದ್ದು. ಸುತ್ತಲೂ ದೈತ್ಯ ಪ್ಲೇನ್ ಮರಗಳು, ಅದರ ಕೆಳಗೆ ಕಾಫಿ ಅಂಗಡಿಯ ಕುರ್ಚಿಗಳು. ಮಧ್ಯಾಹ್ನದ ಎರಡು ಗಂಟೆ ಅಲ್ಲೇ ಕಳೆಯಿರಿ. ಆಮೇಲೆ ಅನ್ಸೂಯಿಸ್ ಕೋಟೆಯೂರು ನೋಡಿ ಸಣ್ಣ ರಸ್ತೆಗಳಲ್ಲಿ ವಾಪಸ್ಸಾಗಿ. ವಾಪಸ್ ಪ್ರಯಾಣಕ್ಕೆ ಪೆರ್ತ್ವಿಯಿಂದ ಮಾರ್ಸೇಯ್ ಕಡೆಗೆ ರೈಲಿದೆ. ಬಾಡಿಗೆ ಸೈಕಲನ್ನು ಅಂಗಡಿಯವರು ಲೂರ್ಮರಾನ್‌ಗೇ ಬಂದು ತೆಗೆದುಕೊಂಡು ಹೋಗುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿ.

ಸೈಕಲ್ ಇಲ್ಲಿಂದ ಹೊತ್ತೊಯ್ಯಬೇಡಿ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ತೆಳ್ಳನೆಯ ಚಕ್ರದ ರೇಸ್ ಸೈಕಲ್ ನಿಮಗೆ ಬೇಕಿಲ್ಲ. ಏರಿಗೆ ಹಗುರಾದ ಗೇರು ಇರುವ, ನೆಟ್ಟಗೆ ಕೂರುವ ಹೈಬ್ರಿಡ್ ಸಾಕು. ಏರಿನಲ್ಲಿ ಒಬ್ಬರು ಹಿಂದೆ ಬೀಳುತ್ತಾರೆ ಅನ್ನಿಸಿದರೆ ಅವರಿಗೆ ಇ-ಬೈಕ್ ತೆಗೆದುಕೊಳ್ಳಿ. ಗಂಟೆಗೆ 25 ಕಿ.ಮೀ.ವರೆಗೆ ಮೋಟಾರು ನೆರವಾಗುತ್ತದೆ, ತುಳಿಯುವುದು ನಾವೇ. ಜೊತೆಯಾಗಿ ಹೋಗುವ ಸುಖ ಮುಖ್ಯ, ಅಲ್ವಾ? ಬಾಡಿಗೆ ಸೈಕಲ್ ಹತ್ತುವ ಮುಂಚೆ ಬ್ರೇಕ್ ಒತ್ತಿ ನೋಡಿ. ನಮ್ಮಲ್ಲಿ ಬಲಗೈಯದು ಮುಂದಿನ ಬ್ರೇಕ್. ಫ್ರಾನ್ಸ್‌ನಲ್ಲಿ ಎಡಗೈಯದು ಮುಂದಿನದು. ಇಳಿಜಾರಿನಲ್ಲಿ ಗಾಬರಿಯಾಗಿ ಎಡಗೈ ಬಿಗಿಯಾಗಿ ಹಿಡಿದರೆ ಮುಗ್ಗರಿಸುತ್ತೀರಿ. ಮೊದಲ ದಿನ ಖಾಲಿ ಜಾಗದಲ್ಲಿ ಹತ್ತು ಸಲ ನಿಲ್ಲಿಸಿ ಕೈಗೆ ಅಭ್ಯಾಸ ಮಾಡಿಸಿ.

ಬಲಗಡೆ ಓಡಿಸುವುದು ನೇರ ರಸ್ತೆಯಲ್ಲಿ ಸುಲಭ. ತಪ್ಪುವುದು ಬೆಳಿಗ್ಗೆ ಮೊದಲ ಸಲ ಗೇಟು ದಾಟಿ ಹೊರಗೆ ಬರುವಾಗ, ಎಡಕ್ಕೆ ತಿರುಗಿದ ಮೇಲೆ, ಖಾಲಿ ರಸ್ತೆಯಲ್ಲಿ ಫೋಟೋ ತೆಗೆದು ಮತ್ತೆ ಹತ್ತುವಾಗ. ಹಳ್ಳಿಯೊಳಗೆ ಫಲಕ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಊರ ಹೊರಗೆ ಕಾರಿನವರು ಸೈಕಲ್‌ನಿಂದ ಒಂದೂವರೆ ಮೀಟರ್ ದೂರ ಬಿಟ್ಟು ದಾಟಬೇಕೆಂಬ ಕಾನೂನಿದೆ. ಹೆಚ್ಚಿನವರು ತಿರುವು ಮುಗಿಯುವವರೆಗೆ ತಾಳ್ಮೆಯಿಂದ ಹಿಂದೆಯೇ ಬರುತ್ತಾರೆ. ಹಾರ್ನ್ ಹೊಡೆಯಲಿಲ್ಲ ಅಂತ ಹಿಂದೆ ಯಾರೂ ಇಲ್ಲ ಅಂದುಕೊಳ್ಳಬೇಡಿ. ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಸೈಕಲ್ ಓಡಿಸುವುದಕ್ಕೆ ದಂಡ ಇದೆ. ಊರ ಹೊರಗೆ ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೋಗುವಾಗ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಕಡ್ಡಾಯ 12 ವರ್ಷದೊಳಗಿನವರಿಗೆ ಮಾತ್ರ, ಆದರೆ ನೀವು ಹಾಕಿಕೊಳ್ಳಿ.

ಊಟದ ಬಗ್ಗೆ ಎರಡು ಮಾತು. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಒಂದೂವರೆ, ಎರಡರವರೆಗೆ. ಆಮೇಲೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ, ಹಳ್ಳಿಯ ಅಂಗಡಿಗಳೂ ಮುಚ್ಚಿರುತ್ತವೆ. ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ. ನಿಮ್ಮ ದೊಡ್ಡ ಸುತ್ತು ಸೋಮವಾರವೇ ಬರುವುದರಿಂದ ಭಾನುವಾರ ಬೆಳಿಗ್ಗೆಯೇ ಬ್ರೆಡ್, ಹಣ್ಣು, ಬೀಜ ಕೊಂಡಿಟ್ಟುಕೊಳ್ಳಿ. ತರಕಾರಿಯ ರತಾತೂಯ್, ತಿಯಾನ್ ಧೈರ್ಯವಾಗಿ ತಿನ್ನಬಹುದು. ಆದರೆ ಆಲಿವ್ ಚಟ್ನಿಯಂಥ ತಪೆನಾದ್‌ನಲ್ಲಿ ಸಣ್ಣ ಮೀನು ಅರೆದಿರುತ್ತಾರೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಫೂಗಾಸ್ ಬ್ರೆಡ್‌ನಲ್ಲಿ, ಸಲಾಡ್‌ನಲ್ಲಿ ಹಂದಿ ಮಾಂಸದ ಚೂರುಗಳಿರಬಹುದು. ತರಕಾರಿಯ ಪಿಸ್ತು ಸೂಪ್‌ಗೂ ಕೆಲವರು ಮಾಂಸ ಹಾಕುತ್ತಾರೆ. ಸಸ್ಯಾಹಾರಿ ಅಂದರೆ ಮೀನು ನಡೆಯುತ್ತದೆ ಅಂತ ತಿಳಿಯುವವರೂ ಇದ್ದಾರೆ. 'ಸಾಂ ವಿಯಾಂದ್, ಸಾಂ ಪ್ವಾಸೋಂ' ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ. ಅದಕ್ಕೂ ಮುಂಚೆ, ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋನ್‌ಜೂರ್' ಹೇಳಲೇಬೇಕು. ಹೇಳದೆ ಸೀದಾ ಬೇಕಾದ್ದು ಕೇಳಿದರೆ ಒರಟು ಜನ ಅಂದುಕೊಳ್ಳುತ್ತಾರೆ.

ನೀರಿಗೆ ಊರಿನ ಕಾರಂಜಿಗಳಿವೆ. 'ಓ ನೋಂ ಪೊತಾಬ್ಲ್' ಅಂತ ಬರೆದಿದ್ದರೆ ಕುಡಿಯಬೇಡಿ. ಕಾರಂಜಿ ಸಿಗದಿದ್ದರೆ ಸ್ಮಶಾನ ಹುಡುಕಿ. ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ, ಫ್ರಾನ್ಸಿನ ಸೈಕಲ್‌ನವರೆಲ್ಲ ಬಾಟಲಿ ತುಂಬಿಕೊಳ್ಳುವುದು ಅಲ್ಲೇ. ಗೇಟನ್ನು ಮತ್ತೆ ಹಾಕಿ ಬನ್ನಿ.

ಯಾವಾಗ ಹೋಗಬೇಕು? ಮೇ ನಡುವಿನಿಂದ ಜೂನ್ ನಡುವಿನವರೆಗೆ, ಅಥವಾ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ಮೊದಲನೆಯದರಲ್ಲಿ ಗಸಗಸೆ ಜಾತಿಯ ಕೆಂಪು ಹೂವು, ಚೆರಿ ಹಣ್ಣು. ಎರಡನೆಯದರಲ್ಲಿ ದ್ರಾಕ್ಷಿ ಕೊಯ್ಲು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುತ್ತದೆ, ಫ್ರಾನ್ಸ್ ಪೂರ್ತಿ ರಜೆಯಲ್ಲಿರುತ್ತದೆ, ಕಾಡ್ಗಿಚ್ಚಿನ ಭಯಕ್ಕೆ ಕಾಡಿನ ದಾರಿಗಳನ್ನು ಆಗಾಗ ಮುಚ್ಚುತ್ತಾರೆ. ಶರತ್ಕಾಲದಲ್ಲಿ ಬೇಟೆಯ ಕಾಲ ಶುರುವಾಗುತ್ತದೆ. ಕಾಡಿನ ಅಂಚಿನಲ್ಲಿ ಹೋಗುವಾಗ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿ.

ಲ್ಯಾವೆಂಡರ್ ಹೂವು ನೋಡಲೇಬೇಕು ಅಂದರೆ ಮಾತು ಬೇರೆ. ಕಣಿವೆಯಲ್ಲಿ ಅದು ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ. ಆಗ ಲುಬೆರೋನ್ ಬಿಟ್ಟು ಉತ್ತರದ ಸೋ ಎಂಬ ಊರಿಗೆ ಹೋಗಿ. ಎತ್ತರದ ಜಾಗವಾದ್ದರಿಂದ ಹೂವು ತಡವಾಗಿ ಬಿಡುತ್ತದೆ, ಸೆಕೆ ಕಡಿಮೆ. ಅಲ್ಲಿಂದ ವೀಲ್-ಸ್ಯುರ್-ಓಜೋನ್ ಕಡೆಗೆ ನೆಸ್ಕ್ ಕಮರಿಯ ಅಂಚಿನಲ್ಲಿ ಡಿ 942 ಹೋಗುತ್ತದೆ, ಸುಮಾರು 25 ಕಿ.ಮೀ. ಬೆಟ್ಟಕ್ಕೆ ಕೊರೆದ ಸಣ್ಣ ಸುರಂಗಗಳು, ಒಂದು ಪಕ್ಕ ಆಳವಾದ ಕಮರಿ, ಏರಿಳಿತ ಬಹಳ ಮೆತ್ತಗೆ. ಲಾರಿಗಳಿಗೆ ಬೇರೆ ದಾರಿ ಇರುವುದರಿಂದ ಇಲ್ಲಿ ಬರುವುದಿಲ್ಲ. ವಾಂತೂ ಬೆಟ್ಟವೂ ಪಕ್ಕದಲ್ಲೇ ಇದೆ, 1,910 ಮೀಟರ್. ಅದನ್ನು ಹತ್ತುವವರು ಹತ್ತಲಿ. ನಿಮ್ಮ ಆಸೆಗೆ ಸರಿಹೊಂದುವುದು ನೆಸ್ಕ್.

ಕೊನೆಗೆ ಬುಕಿಂಗ್. ಮೇ, ಜೂನ್‌ಗೆ ಹೋಗುವುದಾದರೆ ರೂಮು ಮತ್ತು ಸೈಕಲ್ ಎರಡನ್ನೂ ಮೂರ್ನಾಲ್ಕು ತಿಂಗಳು ಮುಂಚೆ ಹಿಡಿದಿಡಿ. 'ಅಕ್ಕೈ ವೆಲೋ' ಎಂಬ ಗುರುತಿರುವ ಹೋಟೆಲು, ಮನೆಗಳನ್ನು ಹುಡುಕಿ. ಸೈಕಲ್ ಇಡಲು ಬೀಗದ ಕೋಣೆ, ರಿಪೇರಿ ಸಾಮಾನು ಅಲ್ಲಿ ಸಿಗುತ್ತದೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಆ ವಿಮೆಯಲ್ಲಿ ಸೈಕಲ್ ಪ್ರವಾಸ ಸೇರಿದೆಯಾ ಅಂತ ಬರಹದಲ್ಲೇ ಕೇಳಿ ಪಡೆಯಿರಿ. ಮಗಳ ಮನೆಯ ವಿಳಾಸದ ಜೊತೆಗೆ ಆಪ್ಟ್, ಲೂರ್ಮರಾನ್ ರೂಮಿನ ಬುಕಿಂಗ್ ಕಾಗದವನ್ನೂ ಅರ್ಜಿಗೆ ಸೇರಿಸಿ. ರದ್ದು ಮಾಡಲು ಅವಕಾಶ ಇರುವ ಬುಕಿಂಗನ್ನೇ ಆರಿಸಿಕೊಳ್ಳಿ.